ಹೆಬ್ಬೆಟ್ಟು ಒತ್ತುವ ಮೊದಲು

ದೋಹಾದ ಕರೆಂಟ್ ಆಫೀಸಿನ ಎದುರಿಗೆ ಆಗ ಟೈಪಿಂಗ್ ಅಂಗಡಿಗಳ ಒಂದು ಸಾಲಿತ್ತು. ಸರಕಾರಿ ಕೆಲಸಕ್ಕೆ ಬಂದವರಿಗೆ ಅರಬ್ಬಿಯಲ್ಲಿ ಅರ್ಜಿ ಬರೆದುಕೊಡುವುದು ಅವುಗಳ ಕಸುಬು. ಆ ಸಾಲಿನಲ್ಲಿ ಉಪ್ಪಿನಂಗಡಿಯ ಮಹಮೂದನ ಮೇಜಿನ ಮುಂದೆ ಕೂತವರು ಬೇಗ ಎದ್ದು ಹೋಗುವಂತಿರಲಿಲ್ಲ. ಅರ್ಜಿ ಟೈಪಾಗಿ ಹಾಳೆ ಹೊರಗೆ ಬಂದ ಮೇಲೂ ಅವನು ಅದನ್ನು ಕೈಗೆ ಕೊಡುತ್ತಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದುತ್ತಿದ್ದ. ಮನೆ ನಂಬರು, ಬೀದಿ ನಂಬರು, ಮೀಟರ್ ನಂಬರು, ತಾರೀಕು, ಯಾವುದನ್ನೂ ಬಿಡುತ್ತಿರಲಿಲ್ಲ. ಓದು ಬಾರದವರಿಗೆ ಓದಿ ಹೇಳಿದರೆ ಸರಿ, ಈ ಪುಣ್ಯಾತ್ಮ ಶಾಲೆಯ ಮಾಸ್ತರರಿಗೂ ಓದಿ ಹೇಳುತ್ತಿದ್ದ.

ಪಕ್ಕದ ಮೇಜಿನಲ್ಲಿ ಇಂಗ್ಲಿಷ್ ಅರ್ಜಿ ಟೈಪ್ ಮಾಡುವ ವ್ಯಾಲೆಂಟೈನ್ ಮೂಡುಬಿದಿರೆ ಕಡೆಯವನು, ಬಾಯಿಗೆ ಬೀಗ ಇಲ್ಲದ ಆಸಾಮಿ. "ಸಾಯ್ಬ್ರೇ, ನೀವು ಓದಿ ಮುಗಿಸುವಾಗ ಎದುರಿನ ಆಫೀಸೇ ಬಾಗಿಲು ಹಾಕಿರ್ತದೆ," ಎಂದು ಗಿರಾಕಿಗಳ ಎದುರೇ ರೇಗಿಸುತ್ತಿದ್ದ. ಮಹಮೂದ್ ನಕ್ಕು ಮುಂದಿನ ಸಾಲು ಓದುತ್ತಿದ್ದ.

ಮೊದಲಿನಿಂದಲೂ ಅವನು ಹೀಗಿದ್ದವನಲ್ಲ. 2005ರ ಬೇಸಗೆಯವರೆಗೆ ಇಡೀ ಸಾಲಿನಲ್ಲಿ ಅವನಷ್ಟು ಚುರುಕಿನ ಕೈ ಇನ್ನೊಂದಿರಲಿಲ್ಲ. ನಡುವೆ ಏನಾಯಿತು ಎಂಬುದನ್ನು ಅವನು ಇಬ್ಬರು ಹೆಂಗಸರಿಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ಹೇಳಿಕೊಂಡು ತಿರುಗುವಂಥ ವಿಷಯವೂ ಅದಲ್ಲ.

ಮದ್ರಸದಲ್ಲಿ ಕಲಿತ ಅರಬ್ಬಿಯ ಬಲದ ಮೇಲೆ ಅವನು 1983ರಲ್ಲಿ ಕತಾರಿಗೆ ಬಂದಿಳಿದಿದ್ದ. ಮೊದಲು ಕಚೇರಿಯೊಂದರಲ್ಲಿ ಚಹಾ ಕೊಡುವ ಕೆಲಸ, ಆಮೇಲೆ ಫೈಲು ಹೊರುವ ಕೆಲಸ, ಕೊನೆಗೆ ಟೈಪಿಂಗ್ ಮೇಜು. ಇಪ್ಪತ್ತು ವರ್ಷದಲ್ಲಿ ಅವನ ಅರಬ್ಬಿ ಎಷ್ಟು ಪಳಗಿತೆಂದರೆ ಅರಬರೇ ತಮ್ಮ ಮನೆಯ ಕಾಗದಗಳನ್ನು ಹಿಡಿದುಕೊಂಡು ಅವನಲ್ಲಿಗೆ ಬರುತ್ತಿದ್ದರು. ಮಹಮೂದ್ ಬರೆದ ಅರ್ಜಿ ವಾಪಸ್ ಬರುವುದಿಲ್ಲ ಎಂಬ ಮಾತಿತ್ತು. ಆ ಮಾತು ಅವನ ಕಿವಿಗೂ ಬಿದ್ದಿತ್ತು, ಬಿದ್ದಾಗಲೆಲ್ಲ ಅವನು ಕಾಲರು ಸರಿಮಾಡಿಕೊಳ್ಳುತ್ತಿದ್ದ. ಅಷ್ಟು ಜಂಬ ಯಾರಿಗಾದರೂ ಇರುತ್ತದೆ, ಬಿಡಿ.

ಹಾಗೆ ಬರುತ್ತಿದ್ದವರಲ್ಲಿ ಉಮ್ ನಾಸರ್ ಒಬ್ಬಳು. ನಾಸರನ ಅಮ್ಮ ಎಂದು ಅದರ ಅರ್ಥ. ಮಗ ನಾಸರ್ ಹರೆಯದಲ್ಲೇ ಕಾರು ಅಪಘಾತದಲ್ಲಿ ತೀರಿಕೊಂಡಿದ್ದರೂ ಹೆಸರು ತಾಯಿಯ ಮೇಲೆ ಉಳಿದುಕೊಂಡಿತ್ತು. ಮಗಳು ಮದುವೆಯಾಗಿ ಸೌದಿಯಲ್ಲಿದ್ದಳು. 2003ರಲ್ಲಿ ಗಂಡನೂ ಹೋದ. ಮುಐದರ್ ಬಡಾವಣೆಯಲ್ಲಿ ಗಂಡ ಕಟ್ಟಿಸಿದ್ದ ದೊಡ್ಡ ವಿಲ್ಲಾದಲ್ಲಿ ಒಬ್ಬಳೇ ಇರಲಾರದೆ ಆಕೆ ಹಿಂದಿನ ಬೀದಿಯ ಹಳೆಯ ಸಣ್ಣ ಮನೆಗೆ, ತಾನು ಮದುವಣಗಿತ್ತಿಯಾಗಿ ಕಾಲಿಟ್ಟ ಮನೆಗೆ, ಪೆಟ್ಟಿಗೆ ಸಾಗಿಸಿದಳು. ವಿಲ್ಲಾವನ್ನು ಬಾಡಿಗೆಗೆ ಕೊಡುವ ಹೊಣೆಯನ್ನು ಮಹಮೂದನಿಗೆ ಒಪ್ಪಿಸಿದಳು. ಬರುವ ಬಾಡಿಗೆಯಲ್ಲಿ ಬಹುಪಾಲು ಅದನ್ನು ಕಟ್ಟಲು ಗಂಡ ಮಾಡಿದ್ದ ಸಾಲಕ್ಕೇ ಹೋಗುತ್ತಿತ್ತು.

ಅವನು ಕೋಣೆಗಳ ನಡುವೆ ಪ್ಲೈವುಡ್ ಗೋಡೆ ನಿಲ್ಲಿಸಿ ಐದು ಸಂಸಾರಕ್ಕೆ ಜಾಗ ಮಾಡಿದ. ಗಂಡಸರು ಅತಿಥಿಗಳ ಜತೆ ಕೂರುತ್ತಿದ್ದ ಉದ್ದದ ಮಜ್ಲಿಸ್ ಕೋಣೆಯನ್ನು ತನಗೇ ಇಟ್ಟುಕೊಂಡ. ಅದಕ್ಕೆ ಕಾರಣವಿತ್ತು. ಮದುವೆಯಾದ ಮೇಲೆ ಹದಿನೇಳು ವರ್ಷ ಊರಲ್ಲೇ ಉಳಿದಿದ್ದ ಹೆಂಡತಿ ಆಯಿಷಮ್ಮನಿಗೆ ಆಗಷ್ಟೇ ಫ್ಯಾಮಿಲಿ ವೀಸಾ ಸಿಕ್ಕಿತ್ತು. ಆಕೆಗೆ ಸೆಕೆ ಎಂದರೆ ಆಗದು, ಮೈಯೆಲ್ಲ ಬೊಕ್ಕೆ ಏಳುತ್ತಿತ್ತು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಹೋಗಿ ಬರುವ ಗಂಡನಾಗಿ ಇದ್ದದ್ದು ಸಾಕು ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಫೋನಿನಲ್ಲಿ ಆಕೆಗೆ ಒಂದೇ ಮಾತು ಕೊಟ್ಟಿದ್ದ: ನಮ್ಮ ಮನೆಯಲ್ಲಿ ಎಸಿ ನಿಲ್ಲುವುದೇ ಇಲ್ಲ.

ಇಲ್ಲಿ ಒಂದು ಕಟ್ಟಳೆ ಹೇಳಬೇಕು. ಕತಾರಿನ ಪ್ರಜೆಗಳಿಗೆ ತಾವು ವಾಸವಿರುವ ಮನೆಯ ಕರೆಂಟು ಪುಕ್ಕಟೆ, ಸರಕಾರ ನೋಡಿಕೊಳ್ಳುತ್ತದೆ. ನಮ್ಮಂಥ ಹೊರಗಿನವರು ಬಿಲ್ಲು ಕಟ್ಟಬೇಕು. ಗಂಡನ ಹೆಸರಿನಲ್ಲಿದ್ದ ಆ ಸವಲತ್ತನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಉಮ್ ನಾಸರ್ 2004ರ ಏಪ್ರಿಲಿನಲ್ಲಿ ಮಹಮೂದನ ಮೇಜಿಗೆ ಬಂದಳು. ಆಕೆಗೆ ಓದಲು ಬರುತ್ತಿರಲಿಲ್ಲ. ಎರಡು ಮನೆಯ ಕಾಗದಗಳನ್ನೂ ಮೇಜಿನ ಮೇಲಿಟ್ಟು, ಯಾವುದು ಸರಿಯೋ ಅದನ್ನು ಬರೆ ಎಂದಳು.

ಸರಿಯಾದದ್ದು ಯಾವುದೆಂದು ಮಹಮೂದನಿಗೆ ಚೆನ್ನಾಗಿ ಗೊತ್ತಿತ್ತು. ಆಕೆ ಮಲಗಿ ಏಳುವ ಸಣ್ಣ ಮನೆಯ ನಂಬರು. ಆದರೆ ಅದನ್ನು ಬರೆದರೆ ವಿಲ್ಲಾದ ಮೀಟರು ಬಾಡಿಗೆದಾರರ ಲೆಕ್ಕಕ್ಕೆ ಬರುತ್ತಿತ್ತು. ಹನ್ನೊಂದು ಎಸಿ ಹಗಲೂ ರಾತ್ರಿ ಓಡುವ ಮನೆ ಅದು. 'ಕರೆಂಟು, ನೀರು ಬಾಡಿಗೆಯಲ್ಲೇ ಸೇರಿದೆ' ಎಂದು ಅವನೇ ಎಲ್ಲರಿಗೂ ಹೇಳಿ ಕರೆತಂದಿದ್ದ. ಆಯಿಷಮ್ಮನಿಗೆ ಕೊಟ್ಟ ಮಾತು ಬೇರೆ. ಮುದುಕಿಯ ಮನೆಯಲ್ಲಿ ಇರುವುದು ಎರಡೇ ಎಸಿ, ಅದರ ಬಿಲ್ಲು ಎಷ್ಟು ಬಂದೀತು, ವಿಲ್ಲಾವೂ ಆಕೆಯದೇ ಅಲ್ಲವೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಅವನು ವಿಲ್ಲಾದ ನಂಬರನ್ನು ಒತ್ತಿದ. ಓದಿ ಹೇಳುವಾಗ 'ನಾನು ಈ ಮನೆಯಲ್ಲಿ ವಾಸವಾಗಿದ್ದೇನೆ ಎಂದು ದೇವರನ್ನು ಸಾಕ್ಷಿಯಾಗಿಟ್ಟು ಹೇಳುತ್ತೇನೆ' ಎಂಬುದನ್ನು ಓದಿದ, ಮನೆಯ ನಂಬರನ್ನು ನುಂಗಿಕೊಂಡ. ಆಕೆ ಹೆಬ್ಬೆಟ್ಟು ಚಾಚಿದಳು. ಅವನೇ ಅದನ್ನು ಹಿಡಿದು ಶಾಯಿಗೆ ಅದ್ದಿ ಒತ್ತಿಸಿದ.

ಎಂದಿನಂತೆ ಈ ಅರ್ಜಿಯೂ ವಾಪಸ್ ಬರಲಿಲ್ಲ.

ಆ ವರ್ಷ ವಿಲ್ಲಾದಲ್ಲಿ ಸುಖವಿತ್ತು. ಹೊರಗೆ ನಲವತ್ತೆಂಟು ಡಿಗ್ರಿ ಕಾಯುತ್ತಿದ್ದರೆ ಆಯಿಷಮ್ಮ ಊರಿಂದ ತಂದ ಕಂಬಳಿ ಹೊದ್ದು ಮಲಗುತ್ತಿದ್ದಳು. ಮಹಡಿಯ ಕೋಣೆಯಲ್ಲಿದ್ದ ಸುರತ್ಕಲ್ಲಿನ ಯಜ್ಞೇಶ್ ಮೆಸಯೀದ್‌ನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಕಂಪನಿ ಬಸ್ಸಿನಲ್ಲಿ ಬಂದು ಹಗಲಿಡೀ ತಣ್ಣಗೆ ನಿದ್ದೆ ಮಾಡುತ್ತಿದ್ದ. ಅವನ ಹೆಂಡತಿ ಅಶ್ವಿತಾ ಎಸಿ ಹಾಕಿಟ್ಟೇ ಮಗುವನ್ನು ಎತ್ತಿಕೊಂಡು ಪೇಟೆಗೆ ಹೋಗುತ್ತಿದ್ದಳು, ಬಂದಾಗ ಕೋಣೆ ತಂಪಾಗಿರಲಿ ಎಂದು. ಯಾರೂ ಸ್ವಿಚ್ಚಿನ ಕಡೆ ನೋಡುತ್ತಿರಲಿಲ್ಲ. ಇಂಥ ಮನೆ ದೋಹಾದಲ್ಲೇ ಸಿಗದು ಎಂದು ಎಲ್ಲರೂ ಮಹಮೂದನನ್ನು ಹೊಗಳುತ್ತಿದ್ದರು, ಅವನು ಹೊಗಳಿಸಿಕೊಳ್ಳುತ್ತಿದ್ದ.

ಚಳಿಗಾಲದಲ್ಲಿ ಉಮ್ ನಾಸರ್ ಒಂದು ಕಾಗದ ತಂದು ಇದೇನೆಂದು ಕೇಳಿದ್ದಳು. ಸಣ್ಣ ಮನೆಯ ಕರೆಂಟಿನ ಮೊದಲ ಬಿಲ್ಲು. ಸರಿಪಡಿಸಲು ಆಗಲೂ ಸಮಯವಿತ್ತು. ಅವನು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, ಆಫೀಸಿನಲ್ಲಿ ಏನೋ ಗೊಂದಲ ಇರಬೇಕು, ಸದ್ಯಕ್ಕೆ ಕಟ್ಟಿಬಿಡಿ, ಮುಂದೆ ನೋಡೋಣ ಎಂದ. ಆಕೆ ತಲೆಯಾಡಿಸಿ ಹೋದಳು. ಆಕೆಯ ಬೆನ್ನು ಬಾಗಿಲು ದಾಟುವವರೆಗೆ ಅವನು ಕೀಲಿಮಣೆಯಿಂದ ತಲೆ ಎತ್ತಲಿಲ್ಲ. ಆಮೇಲೆ ತಿಂಗಳ ಬಾಡಿಗೆಯನ್ನು ಆಕೆಯ ಮನೆಗೆ ತಾನೇ ಒಯ್ಯುವುದನ್ನು ನಿಲ್ಲಿಸಿ ಆಯಿಷಮ್ಮನ ಕೈಯಲ್ಲಿ ಕಳಿಸತೊಡಗಿದ. ಹೆಂಗಸರ ಮನೆಗೆ ಹೆಂಗಸರು ಹೋಗುವುದೇ ಚಂದ ಎಂದು ಅದಕ್ಕೊಂದು ನೆವ ಹೇಳಿದ.

2005ರ ಜುಲೈ ತಿಂಗಳ ಬಾಡಿಗೆ ಕೊಟ್ಟು ಬಂದ ಆಯಿಷಮ್ಮ ಬುರ್ಖಾ ತೆಗೆಯದೆ ಮಜ್ಲಿಸ್ಸಿನ ನಡುವೆ ನಿಂತುಬಿಟ್ಟಳು. ಮೈಯೆಲ್ಲ ಬೆವರಿತ್ತು.

"ಆ ಅಮ್ಮ ಎಸಿ ಹಾಕುದೇ ಇಲ್ಲ ಮಾರಾಯ್ರೆ," ಎಂದಳು. "ಒದ್ದೆ ಬಟ್ಟೆ ಹೆಗಲಿಗೆ ಹಾಕ್ಕೊಂಡು ಬಾಗಿಲ ಹತ್ರ ನೆಲದಲ್ಲಿ ಕೂತಿದ್ದಾರೆ. ಮುದುಕಿ ಆದ್ಮೇಲೆ ಸರ್ಕಾರಕ್ಕೆ ನಾನು ಬೇಡ ಆದೆ, ಬಿಲ್ಲು ಕಟ್ಟಿಸ್ತದೆ ಅಂತಾರೆ, ನನ್ನ ಹರಕು ಅರಬ್ಬಿಗೆ ಅಷ್ಟು ತಿಳೀತು. ನಾನು ಬೀಸಣಿಗೆ ತಕ್ಕೊಂಡು ಸ್ವಲ್ಪ ಹೊತ್ತು ಗಾಳಿ ಹಾಕಿ ಬಂದೆ. ನೀವು ಎಷ್ಟೋ ಜನರಿಗೆ ಬರೆದು ಕೊಡ್ತೀರಿ, ಆ ಪಾಪದವರಿಗೆ ಒಂದು ಅರ್ಜಿ ಬರೆದು ಕೊಡ್ಲಿಕ್ಕೆ ಆಗುದಿಲ್ವಾ?"

ಹೇಳಿ ಆಕೆ ಎಸಿಯ ಮುಂದೆ ಹೋಗಿ ನಿಂತಳು. ತಣ್ಣನೆಯ ಗಾಳಿಗೆ ಆಕೆಯ ತಲೆವಸ್ತ್ರ ಹಾರುತ್ತಿತ್ತು. ಮಹಮೂದನಿಗೆ ಆ ಗಾಳಿಯಲ್ಲಿ ಕೂರಲಾಗಲಿಲ್ಲ. ಇದು ಕದ್ದ ಗಾಳಿ ಎಂದು ಅವನಿಗೆ ಒಂದು ವರ್ಷದಿಂದ ಗೊತ್ತಿತ್ತು, ಯಾರ ಮೈಯಿಂದ ಕದ್ದದ್ದು ಎಂಬುದನ್ನು ಮಾತ್ರ ಅವನು ಯೋಚಿಸಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಯ ಜತೆಗೆ ಹೆದರಿಕೆಯೂ ಆಯಿತು, ಹೆದರಿಕೆಯೇ ಒಂದು ಕೈ ಮೇಲಾಯಿತು. ಸುಳ್ಳು ಅರ್ಜಿ ಬರೆದದ್ದು ಹೊರಬಿದ್ದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ವೀಸಾ, ವೀಸಾ ಹೋದರೆ ಇಬ್ಬರೂ ಊರಿಗೆ. ಬರೆಯುತ್ತೇನೆ ಎಂದಷ್ಟೇ ಹೇಳಿದ.

ಬರೆಯಲು ಅವನು ಅತ್ತ ಹೋಗಬೇಕಾಗಲಿಲ್ಲ, ಆಗಸ್ಟಿನ ಮೊದಲ ವಾರ ಉಮ್ ನಾಸರ್ ತಾನೇ ಟ್ಯಾಕ್ಸಿ ಹಿಡಿದು ಬಂದಳು. ಮುಖದ ಬತೂಲ ಮುಸುಕಿನ ಕೆಳಗೆ ಕೆನ್ನೆ ಇಳಿದುಹೋಗಿತ್ತು. ಕೈಯಲ್ಲಿದ್ದದ್ದು ಬಿಲ್ಲಲ್ಲ, ಕರೆಂಟು ಕಡಿದುಹಾಕುವ ನೋಟೀಸು. ನನ್ನ ಪರವಾಗಿ ಸರಕಾರಕ್ಕೆ ಒಂದು ಕಾಗದ ಬರೆಯಬೇಕು, ನಾನು ಯಾರ ಮುಂದೆಯೂ ಕೈಚಾಚಿದವಳಲ್ಲ, ಆದ್ದರಿಂದ ನನಗೆ ಕೇಳುವ ಮಾತು ಗೊತ್ತಿಲ್ಲ, ನಿನಗೆ ಗೊತ್ತು ಎಂದಳು.

ಮಹಮೂದ್ ಬರೆದ. ಜೀವಮಾನದಲ್ಲಿ ಅಷ್ಟು ಸೊಗಸಾದ ಅರ್ಜಿ ಬರೆದಿರಲಿಲ್ಲ. ವಿಧವೆಯ ಒಂಟಿತನ, ಮಗನ ಸಾವು, ಇಳಿವಯಸ್ಸು, ಆಳುವವರ ಕರುಣೆ, ಎಲ್ಲವನ್ನೂ ಸುರಿದ. ಒಂದೇ ಒಂದು ಸಾಲು, ಹಳೆಯ ಅರ್ಜಿಯಲ್ಲಿ ಮನೆ ನಂಬರು ತಪ್ಪಾಗಿದೆ ಎಂಬ ಸಾಲು, ಅದರಲ್ಲಿರಲಿಲ್ಲ. ಅದನ್ನು ಬರೆದಿದ್ದರೆ ಉಳಿದ ಸಾಲುಗಳು ಬೇಕಾಗಿಯೇ ಇರಲಿಲ್ಲ. ಅವನು ಓದಿ ಹೇಳಿದ್ದನ್ನು ಆಕೆ ಕೇಳುತ್ತಾ ಕೇಳುತ್ತಾ ಬತೂಲದ ಅಂಚಿನಲ್ಲಿ ಬೆರಳಾಡಿಸಿ ಕಣ್ಣೊರೆಸಿಕೊಂಡಳು. ನಿನ್ನ ತಾಯಿಗೆ ಸ್ವರ್ಗ ಸಿಗಲಿ ಎಂದು ಹರಸಿ ಹೆಬ್ಬೆಟ್ಟು ಒತ್ತಿದಳು.

ಹತ್ತನೆಯ ದಿನ ಅರ್ಜಿ ವಾಪಸ್ ಬಂತು. ಅರ್ಜಿದಾರರು ವಾಸವಾಗಿರುವ ಮನೆಗೆ ಈಗಾಗಲೇ ಸವಲತ್ತು ಸಿಗುತ್ತಿದೆ, ಎರಡನೆಯ ಮನೆಗೆ ಕೊಡಲಾಗದು ಎಂದು ಷರಾ ಹಾಕಿದ್ದರು. ಕಾಗದ ಮೇಜಿಗೆ ಬಂದಾಗ ವ್ಯಾಲೆಂಟೈನ್ ಕಣ್ಣರಳಿಸಿ ನೋಡಿದ. "ನಿಮ್ಮದೂ ವಾಪಸ್ ಬರ್ತದಾ ಸಾಯ್ಬ್ರೇ? ಯಾರಿಗೆ ಬರೆದದ್ದು?" ಎಂದು ಕೇಳಿದ. ಮಹಮೂದ್ ಅದನ್ನು ಡ್ರಾಯರಿಗೆ ತಳ್ಳಿದ. ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ. ಆಕೆ ಅತ್ತುಕೊಂಡು ಹರಸಿದ್ದು ಅವನಿಗೆ ಜೀರ್ಣವಾಗಿರಲಿಲ್ಲ. ಬೈದಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದ.

ಆ ಸಂಜೆ ಅವನು ಮೊದಲು ಆಯಿಷಮ್ಮನಿಗೆ ಹೇಳಿದ. ಆಕೆ ಪೂರ್ತಿ ಕೇಳಿದಳು. ಎದ್ದು ಹೋಗಿ ಎಸಿಯ ಸ್ವಿಚ್ಚು ಆರಿಸಿ ಬಂದು ಕೂತಳು. ಸ್ವಲ್ಪ ಹೊತ್ತಿಗೆ ಇಬ್ಬರ ಹಣೆಯಲ್ಲೂ ಬೆವರು ಇಳಿಯತೊಡಗಿತು. "ನನ್ನ ಹೆಸರು ಹೇಳಿ ಮಾಡಿದ್ರಲ್ಲ," ಎಂದಳು ಕೊನೆಗೆ. "ನನ್ನತ್ರ ಒಂದು ಮಾತು ಕೇಳಿದ್ರೆ ನಾನು ಊರಲ್ಲೇ ಇರ್ತಿದ್ದೆ. ಈಗ ಹೋಗಿ, ಅವರಿಗೆ ಹೇಳಿ ಬನ್ನಿ."

ಮರುದಿನ ಬೆಳಿಗ್ಗೆ ಅವನು ಹಿಂದಿನ ಬೀದಿಗೆ ಹೋದ. ಉಮ್ ನಾಸರ್ ಬಾಗಿಲ ಬಳಿಯೇ ಕೂತಿದ್ದಳು, ಆಯಿಷಮ್ಮ ಹೇಳಿದ್ದಂತೆ ಹೆಗಲ ಮೇಲೆ ಒದ್ದೆ ಬಟ್ಟೆ. ಅವನನ್ನು ಕಂಡು ಖುಷಿಯಿಂದ ಖರ್ಜೂರದ ತಟ್ಟೆ ಮುಂದೆ ಸರಿಸಿ ಕಾಫಿ ಬಗ್ಗಿಸಿದಳು. ಆ ಪುಟ್ಟ ಬಟ್ಟಲನ್ನು ಹಿಡಿದುಕೊಂಡೇ ಅವನು ಹಳೆಯ ಅರ್ಜಿಯ ಪ್ರತಿಯನ್ನು ಜೇಬಿನಿಂದ ತೆಗೆದು ಓದಿದ. ಈ ಸಲ ಮನೆ ನಂಬರನ್ನೂ ಓದಿದ. ಯಾಕೆ ಹಾಗೆ ಬರೆದೆ ಎಂಬುದನ್ನೂ ಹೇಳಿದ. ಹೇಳುವಾಗ ಆಕೆಯ ಮುಖ ನೋಡಲಾಗದೆ ನೆಲದ ಚಾಪೆಯನ್ನೇ ನೋಡುತ್ತಿದ್ದ.

ಆಕೆ ಬೀಸಣಿಗೆಯನ್ನು ಕೆಳಗಿಟ್ಟಳು.

"ಅದರಲ್ಲಿ ದೇವರ ಹೆಸರಿದೆ ಅಲ್ಲವೇ?" ಎಂದು ಕೇಳಿದಳು.

"ಇದೆ, ಯುಮ್ಮಾ."

"ಅದರ ಕೆಳಗೆ ನನ್ನ ಬೆರಳಿದೆ." ಆಕೆ ತನ್ನ ಹೆಬ್ಬೆಟ್ಟನ್ನು ತಾನೇ ನೋಡಿಕೊಂಡಳು. "ಸೆಕೆಯನ್ನು ನಾನು ತಡೆದುಕೊಂಡೆ ಮಹಮೂದ್. ಎಸಿ ಬರುವ ಮೊದಲೇ ಈ ಮನೆಯಲ್ಲಿ ಮಕ್ಕಳನ್ನು ಹೆತ್ತವಳು ನಾನು. ಆದರೆ ಒಂದು ವರ್ಷದಿಂದ ನಾನು ಸುಳ್ಳು ಸಾಕ್ಷಿ ಹೇಳಿದವಳಾಗಿ ನಮಾಜಿಗೆ ನಿಲ್ಲುತ್ತಿದ್ದೆ. ನನಗೆ ಅದು ಗೊತ್ತೇ ಇರಲಿಲ್ಲ."

ಅವನು ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದ. ಇಷ್ಟು ದಿನ ಅವನು ಆಕೆಯ ಎಸಿಯ ಬಗ್ಗೆ ನಾಚಿಕೆಪಟ್ಟಿದ್ದ. ಅದು ತೀರಾ ಸಣ್ಣ ವಿಷಯವಾಗಿತ್ತು. ಆಕೆ ಅವನ ಕೈಯಿಂದ ಬಟ್ಟಲು ತೆಗೆದುಕೊಂಡು, ನಡೆ, ಆಫೀಸಿಗೆ ಹೋಗೋಣ ಎಂದಳು.

ದಾರಿಯುದ್ದಕ್ಕೂ ಕಾರಿನಲ್ಲಿ ಅವನು ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದ. ತಪ್ಪು ನನ್ನದು, ಬರೆದವನು ನಾನು, ಈಕೆಗೆ ಓದಲು ಬರುವುದಿಲ್ಲ. ಮೂರೇ ವಾಕ್ಯ. ಹಿಂದಿನ ಸೀಟಿನಲ್ಲಿ ಆಕೆ ಜಪಮಣಿ ಎಣಿಸುತ್ತಿದ್ದಳು. ಕೌಂಟರಿನ ಹಿಂದಿದ್ದ ಅಧಿಕಾರಿ ವಯಸ್ಸಾದವಳನ್ನು ಕಂಡು ಎದ್ದು ಕುರ್ಚಿ ತರಿಸಿದ. ಫೈಲು ತೆರೆದು, ಎರಡು ಅರ್ಜಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ, ಹಳೆಯದರ ಮೇಲೆ ಬೆರಳಿಟ್ಟ.

"ಇದನ್ನು ಬರೆದವರು ಯಾರು?"

ಮಹಮೂದ್ ಬಾಯಿ ತೆರೆದ. ಕಣ್ಣಮುಂದೆ ಆಯಿಷಮ್ಮ ಪೆಟ್ಟಿಗೆ ಕಟ್ಟುವುದು ಕಾಣಿಸಿತು. ಇಷ್ಟು ವರ್ಷದಿಂದ ಇಡೀ ಊರಿಗೆ ಅರಬ್ಬಿ ಮಾತು ಕಟ್ಟಿಕೊಟ್ಟವನಿಗೆ ಮೂರು ವಾಕ್ಯ ಹೊರಡಲಿಲ್ಲ. ಅಧಿಕಾರಿ ಕಾಯುತ್ತಿದ್ದ. ಉಮ್ ನಾಸರ್ ತಲೆ ತಿರುಗಿಸಿ ಮಹಮೂದನನ್ನು ನೋಡಿದಳು. ಅವಳೂ ಕಾದಳು. ಆಕೆ ಅಷ್ಟು ಹೊತ್ತು ಕಾದದ್ದು ಅವನಿಗೆ ಮುಂದೆಂದೂ ಮರೆತುಹೋಗಲಿಲ್ಲ. ಆಮೇಲೆ ಆಕೆ ಅಧಿಕಾರಿಯ ಕಡೆಗೆ ತಿರುಗಿದಳು.

"ನನ್ನ ಬೆರಳು ಮಗನೇ, ನನ್ನ ತಪ್ಪು. ಗಂಡ ಹೋದ ಹೊಸತು. ಯಾವ ಮನೆ ಎಂದು ಕೇಳಿದಾಗ ಗಂಡ ಕಟ್ಟಿಸಿದ ಮನೆ ಎಂದುಬಿಟ್ಟೆ."

ಅಧಿಕಾರಿಗೆ ಅಷ್ಟು ಸಾಕಾಯಿತು. ಹಾಗೆಂದು ಒಂದು ಹೇಳಿಕೆ ಬರೆಸಿ ತನ್ನಿ, ಸವಲತ್ತನ್ನು ಸಣ್ಣ ಮನೆಗೆ ಬದಲಾಯಿಸಿ ನೋಟೀಸನ್ನು ತಡೆಹಿಡಿಯುತ್ತೇನೆ ಎಂದ. ಬರೆಸುವುದಕ್ಕೆ ಇಬ್ಬರೂ ರಸ್ತೆ ದಾಟಿ ಮಹಮೂದನ ಮೇಜಿಗೇ ಬಂದರು. ಬೇರೆ ಎಲ್ಲಿಗೆ ಹೋಗುತ್ತಾರೆ?

ಅವನು ಟೈಪ್ ಮಾಡಿದ. ಹಾಳೆ ಹೊರಗೆ ಬಂತು. ಶಾಯಿಯ ಡಬ್ಬಿಗೆ ಕೈ ಹಾಕಿದಾಗ ಆಕೆ ತಡೆದಳು.

"ಪೂರ್ತಿ ಓದು."

ಅವನು ಓದಿದ. ಮನೆ ನಂಬರು, ಬೀದಿ ನಂಬರು, ಮೀಟರ್ ನಂಬರು. 'ನನ್ನ ತಿಳಿವಳಿಕೆ ಸಾಲದೆ, ಬರೆದವರಿಗೆ ನಾನೇ ತಪ್ಪು ವಿವರ ಕೊಟ್ಟಿದ್ದೆ' ಎಂಬಲ್ಲಿಗೆ ಬಂದಾಗ ಧ್ವನಿ ತಗ್ಗಿಸಿದ.

"ಆ ಸಾಲು ನನಗೆ ಕೇಳಿಸಲಿಲ್ಲ, ಮತ್ತೆ ಓದು," ಎಂದಳು ಆಕೆ.

ಅವನು ಮತ್ತೆ ಓದಿದ. ಪಕ್ಕದ ಮೇಜಿನಲ್ಲಿ ವ್ಯಾಲೆಂಟೈನನ ಕೀಲಿಮಣೆ ನಿಂತಿತ್ತು. ಅರಬ್ಬಿ ಅಷ್ಟಾಗಿ ಬಾರದ ಅವನಿಗೆ ಏನು ಅರ್ಥವಾಯಿತೋ, ಅಂದು ಮಾತ್ರ ಅವನು ತಮಾಷೆ ಮಾಡಲಿಲ್ಲ.

ಉಮ್ ನಾಸರ್ ಹೆಬ್ಬೆಟ್ಟನ್ನು ಚಾಚಿದಳು. ಮಹಮೂದ್ ಹಿಡಿಯಲು ಹೋದರೆ ಆಕೆ ಕೈ ಬಿಡಿಸಿಕೊಂಡು ತಾನೇ ಶಾಯಿಗೆ ಅದ್ದಿದಳು.

"ಹೋದ ಸಲದ ಸುಳ್ಳು ನನಗೆ ಗೊತ್ತಿರಲಿಲ್ಲ," ಎಂದಳು ಮೆಲ್ಲಗೆ. "ಇದು ಗೊತ್ತಿದೆ. ನಿನ್ನ ಹೆಂಡತಿ ಬಂದು ನನಗೆ ಗಾಳಿ ಹಾಕಿದವಳು, ಅವಳಿಗಾಗಿ ಒತ್ತುತ್ತೇನೆ. ದೇವರು ಕೇಳಿದರೆ ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಅದಕ್ಕೆ ನೀನು ಕೊಡು."

ಒತ್ತಿ, ಅವನು ಚಾಚಿದ ಕಾಗದದ ತುಂಡನ್ನು ತೆಗೆದುಕೊಳ್ಳದೆ ತನ್ನ ಕಪ್ಪು ಅಬಾಯ ನಿಲುವಂಗಿಯ ಅಂಚಿಗೆ ಶಾಯಿ ಒರೆಸಿಕೊಂಡಳು.

ಮುಂದಿನ ತಿಂಗಳಿಂದ ವಿಲ್ಲಾದ ಬಿಲ್ಲು ಬಾಡಿಗೆದಾರರಿಗೆ ಬಂತು. ಆಫೀಸಿನವರು ನಿಯಮ ಬದಲಾಯಿಸಿದರು ಎಂದು ಎಲ್ಲರೂ ಗೊಣಗಿದರು, ಮಹಮೂದ್ ಅದನ್ನು ತಿದ್ದಲಿಲ್ಲ. ಯಜ್ಞೇಶ್ ಕಂಪನಿಯ ಮನೆ ಸಿಕ್ಕಿತೆಂದು ಹೆಂಡತಿ ಮಗುವನ್ನು ಕರೆದುಕೊಂಡು ಮೆಸಯೀದ್‌ಗೆ ಹೋದ. ಆಯಿಷಮ್ಮ ಊರಿಗೆ ಹೋಗಲಿಲ್ಲ. ಹಗಲು ಎಸಿ ಹಾಕುವುದನ್ನು ಬಿಟ್ಟಳು, ಬೊಕ್ಕೆಗಳಿಗೆ ಪೌಡರು ಬಳಿದುಕೊಂಡು, ತಿಂಗಳಿಗೊಮ್ಮೆ ಅಲ್ಲ, ದಿನಕ್ಕೊಮ್ಮೆ ಹಿಂದಿನ ಬೀದಿಗೆ ಹೋಗಿ ಬರತೊಡಗಿದಳು. ಅಲ್ಲಿ ಈಗ ತಂಪಾಗಿರುತ್ತದೆ ಎಂದು ಒಮ್ಮೆ ಹೇಳಿದಳು, ಗಂಡನ ಮುಖ ನೋಡಿ ಮಾತು ಬದಲಿಸಿದಳು.

ಆ ಮೂರು ವಾಕ್ಯ ಆಮೇಲೂ ಮಹಮೂದನಿಗೆ ಬಾಯಿಪಾಠವಿತ್ತು. ಎದುರಿನ ಆಫೀಸಿಗೆ ದಿನಕ್ಕೆ ಹತ್ತು ಸಲ ಹೋಗುತ್ತಿದ್ದ, ಆ ಅಧಿಕಾರಿಗೆ ಸಲಾಂ ಹೇಳುತ್ತಿದ್ದ, ಬರುತ್ತಿದ್ದ. ಉಮ್ ನಾಸರ್ ತನ್ನ ಕಾಗದಗಳನ್ನು ಮುಂದೆಯೂ ಅವನ ಮೇಜಿಗೇ ತರುತ್ತಿದ್ದಳು. ಪೂರ್ತಿ ಓದು ಎಂದು ಆಕೆ ಮತ್ತೆ ಹೇಳಲಿಲ್ಲ. ಅವನು ಕೊನೆಯ ಸಾಲು ಮುಗಿಸುವವರೆಗೆ ಕೈಯನ್ನು ಮಡಿಲಿನಿಂದ ಮೇಲೆತ್ತುತ್ತಿರಲಿಲ್ಲ, ಅಷ್ಟೆ.